ಪಾಳಿಯ ಭಾರ

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ‘ಪಾಳಿ’ ಎಂಬ ಮಾತಿಗೆ ಎರಡು ಬಳಕೆಗಳುಂಟು: ಕಾರ್ಮಿಕರು ಚಿನ್ನದ ಗಣಿಗಿಳಿದು ದುಡಿಯುವ ಸರದಿಯೂ ಪಾಳಿಯೇ, ಆಟದಲ್ಲಿ ಕಾಯಿ ನಡೆಸುವ ಸರದಿಯೂ ಪಾಳಿಯೇ. ಪಾಳಿ ಬಂತೆಂದರೆ ಆಟಗಾರನಿಗೆ ಸಾಮಾನ್ಯವಾಗಿ ಅವಕಾಶ ಬಂದಂತೆ. ಆದರೆ ಚದುರಂಗದಲ್ಲಿ ಆ ಪಾಳಿಯೇ ಭಾರವಾಗಿ, ಸುಮ್ಮನಿದ್ದರೆ ಉಳಿಯಬಹುದಾಗಿದ್ದವನು ನಡೆಯಲೇಬೇಕಾದ್ದರಿಂದ ಸೋಲುವ ಗಳಿಗೆಯೊಂದಿದೆ. ಇಬ್ಬರು ಎಳೆಯರು ಪಣತೊಟ್ಟು ಆಡುವ ಆಟದ ನಿಜವಾದ ಸೊಗಸು ಅಲ್ಲಿಯೇ ಇದೆ.

ಈ ಆಟ ಕನ್ನಡ ನೆಲಕ್ಕೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ವು ಅರಸರ ವಿನೋದಗಳ ನಡುವೆ ಚದುರಂಗವನ್ನೂ ವಿವರಿಸುತ್ತದೆ. ಇಂದಿನ ಮಕ್ಕಳು ಸೆಣಸುವುದು ವಯೋಮಿತಿ ಪಂದ್ಯಾವಳಿಗಳಲ್ಲಿ, ಅಂದರೆ ಇಂತಿಷ್ಟು ವರ್ಷದೊಳಗಿನವರಿಗೆಂದೇ ನಡೆಯುವ ಸ್ಪರ್ಧೆಗಳಲ್ಲಿ. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ರೊಮೇನಿಯದಲ್ಲಿ ಗೆದ್ದ 16 ವರ್ಷದೊಳಗಿನವರ ವಿಶ್ವ ಪ್ರಶಸ್ತಿಯೂ ಇಂಥದ್ದೇ.

ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬ ನಿಯಮವಿರುವುದರಿಂದ ಪಳಗಿದ ಮಕ್ಕಳು ಕೈಗಳನ್ನು ಮಡಿಲಲ್ಲಿಟ್ಟು ಕಣ್ಣಿನಿಂದಲೇ ಆಡುತ್ತಾರೆ. ಮೊದಲ ನಡೆಗಳು ಬಾಯಿಪಾಠದ ಬಲದಲ್ಲಿ ಸಾಗುತ್ತವೆ; ಆನೆ, ಒಂಟೆ, ಕುದುರೆ, ಮಂತ್ರಿ ಒಂದೊಂದಾಗಿ ಉರುಳಿ ಹಾಸು ಬರಿದಾದಂತೆ ಬಾಯಿಪಾಠ ಮುಗಿದು ಲೆಕ್ಕವೊಂದೇ ಉಳಿಯುತ್ತದೆ. ಹಾಸಿನ ನಡುಭಾಗದ ಒಂದೇ ಕಂಬಸಾಲಿನಲ್ಲಿ, ಬಿಳಿಯ ಕಡೆಯಿಂದ ಎಣಿಸಿದರೆ ನಾಲ್ಕನೆಯ ಮನೆಯಲ್ಲಿ ಬಿಳಿ ಪ್ಯಾದೆ, ಐದನೆಯದರಲ್ಲಿ ಬಿಳಿ ರಾಜ, ಏಳನೆಯದರಲ್ಲಿ ಕಪ್ಪು ರಾಜ ನಿಂತಿದ್ದಾರೆ, ಬೇರೆ ಕಾಯಿಗಳಿಲ್ಲ ಎಂದುಕೊಳ್ಳಬಹುದು. ರಾಜರಿಬ್ಬರ ನಡುವೆ ಒಂದೇ ಮನೆ ಬರಿದಾಗಿದೆ. ಒಬ್ಬರ ಪಕ್ಕಕ್ಕೆ ಇನ್ನೊಬ್ಬರು ಹೋಗುವಂತಿಲ್ಲ. ಪಾಳಿ ಬಿಳಿಯವನದಾದರೆ, ಅವನು ಎತ್ತ ಸರಿದರೂ ಕಪ್ಪು ರಾಜ ಮತ್ತೆ ಎದುರಾಗಿ ನಿಂತು ಆಟವನ್ನು ಸಮ ಮಾಡಬಲ್ಲ. ಪಾಳಿ ಕಪ್ಪಿನವನದಾದರೆ ಅವನೇ ದಾರಿ ಬಿಡಬೇಕು. ಬಿಳಿ ರಾಜ ಆ ದಾರಿಯಲ್ಲಿ ನುಗ್ಗಿ, ಪ್ಯಾದೆಯನ್ನು ಕೊನೆಯ ಮನೆಗೆ ಮುಟ್ಟಿಸಿ ಮಂತ್ರಿಯಾಗಿಸುತ್ತಾನೆ. ಕಾಯಿಗಳು ಇದ್ದಲ್ಲೇ ಇವೆ, ಬದಲಾದದ್ದು ಪಾಳಿಯೊಂದೇ. ನಡೆಯಲೇಬೇಕಾದ ಈ ಇಕ್ಕಟ್ಟಿಗೆ ಜರ್ಮನ್ ಭಾಷೆಯಿಂದ ಬಂದ ‘ತ್ಸುಗ್‌ಜ್ವಾಂಗ್’ ಎಂಬ ಹೆಸರು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ‘ಪಾಳಿಯ ಭಾರ’ ಎಂದರೆ ಹಟ್ಟಿಯ ಮಗುವಿಗೆ ಅದು ಬೇಗ ತಿಳಿದೀತು.

ಗಡಿಯಾರದ ಮುಂದೆ ಕೂತ ಹತ್ತು–ಹನ್ನೆರಡರ ಮಗುವೊಂದು ಈ ಭಾರವನ್ನು ಹತ್ತು ನಡೆ ಮೊದಲೇ ಎಣಿಸಿ, ಬೇಕೆಂದೇ ಒಂದು ನಡೆಯನ್ನು ಬಳಸಿ ಕಳೆದು, ಪಾಳಿಯನ್ನು ಎದುರಾಳಿಗೆ ದಾಟಿಸುವುದನ್ನು ನೋಡುವುದಕ್ಕಿಂತ ಹೆಚ್ಚಿನ ಸುಖ ಈ ಆಟದಲ್ಲಿಲ್ಲ. ಕೈಕುಲುಕಿದ ಮೇಲೆ ಇಬ್ಬರೂ ಅದೇ ಮೂರು ಕಾಯಿಗಳನ್ನು ಮತ್ತೆ ಇಟ್ಟು, ಪಾಳಿ ಎಲ್ಲಿ ತಪ್ಪಿತೆಂದು ಹಿಂದಕ್ಕೆ ಎಣಿಸತೊಡಗುತ್ತಾರೆ.