ಯಾವ ಕೊಪ್ಪ?

ನಮ್ಮೂರು ಕೊಪ್ಪ ಎಂದರೆ ಹೊರಗಿನವರು ‘ಯಾವ ಕೊಪ್ಪ?’ ಎನ್ನುತ್ತಾರೆ. ಮದ್ದೂರು ತಾಲ್ಲೂಕಿನಲ್ಲೂ ಒಂದು ಕೊಪ್ಪವಿದೆಯಲ್ಲ! ಓದು ಮುಗಿದ ಹೊಸದರಲ್ಲಿ ನನಗೆ ಬಂದ ಸಂದರ್ಶನದ ಪತ್ರದ ಮೇಲೆ ಜಿಲ್ಲೆಯಿರಲಿಲ್ಲ, ಪಿನ್‌ಕೋಡೂ ಇರಲಿಲ್ಲ. ಅದು ಅಲ್ಲಿಗೆ ಹೋಗಿ, ತಿರುಗಿ ನನ್ನ ಕೈ ಸೇರುವಾಗ ಸಂದರ್ಶನ ಮುಗಿದು ನಾಲ್ಕು ದಿನವಾಗಿತ್ತು. ಅಪ್ಪ ಏನೂ ಅನ್ನದೆ ತೋಟಕ್ಕೆ ಹೋದರು.

ಮೊನ್ನೆ ಮಗಳು ಕಂಪ್ಯೂಟರ್ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಳು. ಕಾಲೇಜಿನ ಅಭ್ಯಾಸಕ್ಕೆಂದು ಒಂದು ಅರ್ಜಿಯ ಪುಟ ಮಾಡುತ್ತಿದ್ದಳು. ಜೆಎಸ್‌ಎಫ್‌ನ ಬಿಡಿಭಾಗಗಳ ಜೊತೆ ಪ್ರೈಮ್‌ಫೇಸಸ್ ಎಂಬ ಇನ್ನೊಂದು ಕಂತೆಯನ್ನೂ ಬೆರೆಸಿದ್ದಳು. ಎರಡರಲ್ಲೂ ‘ಇನ್‌ಪುಟ್‌ಟೆಕ್ಸ್ಟ್’ ಎಂಬ ಒಂದೇ ಹೆಸರಿನ ಭಾಗವಿದೆ. ಯಂತ್ರ ಯಾವುದನ್ನು ಎತ್ತಿಕೊಳ್ಳಬೇಕು? ಇಂಥ ಗೊಂದಲಕ್ಕೆಂದೇ 1999ರ ಜನವರಿಯಲ್ಲಿ ಎಕ್ಸ್‌ಎಂಎಲ್ ನೇಮ್‌ಸ್ಪೇಸ್ ನಿಯಮ ಬಂತಂತೆ. ಪುಟದ ತಲೆಯಲ್ಲಿ ಒಂದೊಂದು ಕಂತೆಗೂ ಪೂರ್ತಿ ವಿಳಾಸ ಬರೆದು, ‘ಎಚ್’, ‘ಪಿ’ ಎಂದು ಇನಿಷಿಯಲ್ ಕೊಡುವುದು. ಆಮೇಲೆ ಪ್ರತಿ ಹೆಸರಿಗೂ ಮೊದಲು ಆ ಅಕ್ಷರ. ನಾವು ಎನ್.ಆರ್. ಪುರ ಎಂದು ನರಸಿಂಹರಾಜಪುರವನ್ನು ಗಿಡ್ಡ ಮಾಡಿಕೊಂಡ ಹಾಗೆ. ಆದರೆ ಯಂತ್ರ ನಂಬುವುದು ಇನಿಷಿಯಲ್ಲನ್ನಲ್ಲ, ವಿಳಾಸವನ್ನು. ತಮಾಷೆಯೆಂದರೆ, ಆ ವಿಳಾಸದಲ್ಲಿ ಪುಟವೇನೂ ಇರಬೇಕಿಲ್ಲ!

ಮಗಳು ‘ಪಿ’ ಸರಿಯಾಗಿಯೇ ಹಾಕಿದ್ದಳು. ವಿಳಾಸದಲ್ಲಿ ಒಂದಕ್ಷರ ತಪ್ಪಿತ್ತು. ತಿದ್ದಿದೊಡನೆ ಪೆಟ್ಟಿಗೆ ಪರದೆಗೆ ಬಂತು.

‘ಅಪ್ಪಾ, ನೀವೇ ಮೊದಲು ತುಂಬಿ ನೋಡಿ’ ಎಂದಳು.

ಒಂದೊಂದೇ ಅಕ್ಷರ ಒತ್ತಿದೆ: ಕೊಪ್ಪ, ಚಿಕ್ಕಮಗಳೂರು ಜಿಲ್ಲೆ, 577126.