ಎರಡೆಳೆ ಪಾಕ

ಹಚ್ಚೊಳ್ಳಿಯ ಸುತ್ತ ಸುಗ್ಗಿ ಮುಗಿದರೆ ಭತ್ತದ ಚೀಲಗಳು ಸಿರುಗುಪ್ಪದ ರೈಸ್ ಮಿಲ್ಲುಗಳ ದಾರಿ ಹಿಡಿಯುತ್ತವೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ನಾನೂ ಚೀಲದ ಮೇಲೆ ಕೂತು ಹೋಗುತ್ತಿದ್ದೆ. ಮಿಲ್ಲಿನಲ್ಲಿ ನನ್ನ ಕಣ್ಣೆಲ್ಲ ಶೆಲ್ಲರಿನ ಮೇಲೆ. ಅದರೊಳಗೆ ಎರಡು ರಬ್ಬರ್ ರೋಲ್. ಎದುರುಬದುರು ತಿರುಗುತ್ತವೆ; ಒಂದು ಜೋರು, ಇನ್ನೊಂದು ನಿಧಾನ. ನಡುವೆ ಸಿಕ್ಕ ಭತ್ತದ ಹೊಟ್ಟು ಆ ಎಳೆದಾಟಕ್ಕೆ ಸುಲಿದುಹೋಗುತ್ತದೆ. ಸವೆದ ರೋಲ್ ಬಿಚ್ಚುತ್ತಿದ್ದ ಮೇಸ್ತ್ರಿ ಒಮ್ಮೆ ಹೇಳಿದ: “ಬಿಸಿ ಹೆಚ್ಚಾದ್ರೆ ರಬ್ಬರ್ ತಡಿಯಲ್ಲ ತಮ್ಮಾ.”

ರಬ್ಬರು ಹುಟ್ಟುವಾಗಲೂ ಈ ಮಾತು ನಿಜವೆಂದು ತಿಳಿದದ್ದು ಕಾಲೇಜಿನಲ್ಲಿ. ಟೈರಿಗೆ ಬಳಸುವ ಸ್ಟೈರೀನ್-ಬ್ಯುಟಾಡೈಯೀನ್ ರಬ್ಬರನ್ನು ಸೋಪಿನ ನೀರಿನಲ್ಲಿ ಕಲಕಿ ಬೆಳೆಸುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ತಯಾರಿಸುತ್ತಿದ್ದದ್ದು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಬಿಸಿಗೆ ರಬ್ಬರಿನ ಅಣುಗಳ ಸರಪಳಿಗಳು ನೆಟ್ಟಗೆ ಬೆಳೆಯದೆ ಅಡ್ಡಕವಲೊಡೆದು, ಅಲ್ಲಲ್ಲಿ ಗಂಟುಬೀಳುತ್ತಿದ್ದವು. 1940ರ ದಶಕದ ಕೊನೆಗೆ ಅದೇ ಸಾಮಗ್ರಿಯನ್ನು 5 ಡಿಗ್ರಿಯಲ್ಲಿ ಬೆಳೆಸಿದರು. ಅಷ್ಟು ತಣ್ಣಗೆ ಕ್ರಿಯೆ ಶುರುಮಾಡುವ ಹಳೆಯ ಕಿಡಿ ಹೊತ್ತಿಕೊಳ್ಳದು. ಅದಕ್ಕೆ ಪೆರಾಕ್ಸೈಡ್ ಮತ್ತು ಕಬ್ಬಿಣದ ಲವಣದ ಹೊಸ ಜೋಡಿ ಬೇಕಾಯಿತು. ಕವಲು ಕಡಿಮೆಯಾಯಿತು, ಟೈರಿನ ಬಾಳಿಕೆ ಹೆಚ್ಚಿತು. ಇದಕ್ಕೆ ‘ಕೋಲ್ಡ್ ರಬ್ಬರ್’ ಎಂದೇ ಹೆಸರು.

ಎಲ್ಲಿ ನಿಲ್ಲಿಸಬೇಕೆಂಬುದೂ ಮುಖ್ಯ. ಸಾಮಗ್ರಿಯ ಸುಮಾರು ಶೇಕಡ 60 ಭಾಗ ರಬ್ಬರಾದೊಡನೆ ಕ್ರಿಯೆಯನ್ನು ತಡೆಯುತ್ತಾರೆ. ಮುಂದುವರಿಸಿದರೆ, ತಿನ್ನಲು ಹೊಸದು ಸಾಲದ ಸರಪಳಿಯ ತುದಿಗಳು ಆಗಲೇ ಬೆಳೆದು ನಿಂತ ಸರಪಳಿಗಳ ಮೈಗೇ ಕೈಹಾಕುತ್ತವೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಪಂಚಮಿಯ ಹಿಂದಿನ ರಾತ್ರಿ. ಅವ್ವ ಉಂಡೆಗೆ ಬೆಲ್ಲದ ಪಾಕ ಹಿಡಿಯುವಾಗ ಎರಡು ಬೆರಳ ನಡುವೆ ಎಳೆದು ನೋಡುವಳು. ಒಂದೆಳೆಗೇ ಇಳಿಸಿದರೆ ಉಂಡೆ ನಿಲ್ಲದು, ಉರಿ ಮೀರಿದರೆ ಹಲ್ಲಿಗೆ ಕಲ್ಲು. ಬೆಲ್ಲ ಅದೇ, ಶೇಂಗಾ ಅದೇ; ರುಚಿ ಕೂತಿದ್ದು ಅವಳ ಉರಿಯಲ್ಲಿ, ಒಲೆಯಿಂದ ಇಳಿಸಿದ ಗಳಿಗೆಯಲ್ಲಿ. ಸರಪಳಿಯೆಂಬ ಪಠ್ಯಪುಸ್ತಕದ ಮಾತಿಗಿಂತ ಅವ್ವನ ‘ಎಳೆ’ಯೇ ನನಗೆ ಹತ್ತಿರ.

ಸಾಮಗ್ರಿ ಅದೇ ಇದ್ದರೂ ಗುಣ ಬೇರೆಯಾಗುವುದು ಎಳೆಯ ಬಾಗಿನಲ್ಲೂ ಉಂಟು. ರಬ್ಬರ್ ಮರದ ಹಾಲಿನಲ್ಲಿ, ಗಟ್ಟಾಪರ್ಚಾ ಮರದ ಹಾಲಿನಲ್ಲಿ ಇರುವ ಮಣಿ ಒಂದೇ, ಐಸೊಪ್ರೀನ್. ಒಂದರಲ್ಲಿ ಸಿಸ್ ಜೋಡಣೆ, ಅದು ಹಿಗ್ಗಿ ಕುಗ್ಗುತ್ತದೆ. ಇನ್ನೊಂದರಲ್ಲಿ ಟ್ರಾನ್ಸ್, ಅದು ಬಿರುಸು. ಮರ ಬಲ್ಲ ಈ ಕುಸುರಿಯನ್ನು ಮನುಷ್ಯರ ಕೈಗೆ ತಂದದ್ದು ರಸಾಯನಶಾಸ್ತ್ರಜ್ಞರಾದ ಝೀಗ್ಲರ್ ಮತ್ತು ನಟ್ಟಾ ಅವರ ವೇಗವರ್ಧಕಗಳು. 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಲಿಥಿಯಂ ಬಳಸಿ ಬ್ಯುಟಾಡೈಯೀನ್ ಎಳೆ ಬೆಳೆಸುವಾಗ ದ್ರಾವಕಕ್ಕೆ ಒಂದಿಷ್ಟು ಟೆಟ್ರಾಹೈಡ್ರೊಫ್ಯೂರಾನ್ ಬೆರೆಸಿದರೂ ಸಾಕು, ಜೋಡಣೆಯ ಬಗೆಯೇ ಬದಲಾಗುತ್ತದೆ.

ನಮ್ಮ ಕಡೆಯ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ಪಾಲಿಮರ್ ಪಾಠ ಬಂದ ವಾರ ಮಕ್ಕಳನ್ನು ಹತ್ತಿರದ ಮಿಲ್ಲಿಗೆ ಕರೆದೊಯ್ಯಿರಿ. ಸವೆದ ರೋಲೊಂದನ್ನು ಅವರ ಕೈಗೆ ಕೊಡಿ, ಮೇಸ್ತ್ರಿಗೆ ಎರಡು ಮಾತಾಡಲು ಬಿಡಿ. ಪುಸ್ತಕವನ್ನು ಆಮೇಲೆ ತೆರೆಯಿರಿ.