ನಂಬರಿದ್ದರೆ ಸಿಗುತ್ತದೆ

ಹಳೆಯ ವಾಷಿಂಗ್ ಮಷಿನ್ನಿನ ಬಿಡಿಭಾಗ ಬೇಕು ಅಂದರೆ ಎಲ್ಲರೂ ಕೈ ತೋರಿಸುವುದು ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಯ ಕಡೆಗೇ. ಆದರೆ ನಾನು ರಿಪೇರಿ ಮಾಡಿಸಬೇಕಿದ್ದ ಮಷಿನ್ ಇದ್ದದ್ದು ಕಡೂರಿನಲ್ಲಿ, ಚಿಕ್ಕಮ್ಮನ ಹಿತ್ತಿಲಲ್ಲಿ. ಹಾಗಾಗಿ ಮೊದಲು ಆಸುಪಾಸಿನ ಊರುಗಳನ್ನೇ ಜಾಲಾಡೋಣ ಎಂದು ಹೊರಟೆ. ತೊಂಬತ್ತರ ದಶಕದ ಎರಡು ಟಬ್ಬಿನ ಸೆಮಿ ಆಟೋಮ್ಯಾಟಿಕ್ ಅದು. ನಮ್ಮ ಕಂಪನಿಗಳು ಜಪಾನು, ಅಮೆರಿಕದವರ ಜೊತೆ ಸೇರಿ ಮಷಿನ್ ಮಾರುತ್ತಿದ್ದ ಕಾಲದ್ದು. ಆ ಕಾಲದ ಹೆಸರುಗಳ ಗತಿ ನೋಡಿ: ವಿಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಬಿಪಿಎಲ್ ಜೊತೆಗಿದ್ದ ಸ್ಯಾನ್ಯೊ ಪ್ಯಾನಾಸೋನಿಕ್ ಪಾಲಾಯಿತು, ಅದರ ವಾಷಿಂಗ್ ಮಷಿನ್ ವ್ಯವಹಾರ ಚೀನಾದ ಹಯರ್‌ಗೆ ಹೋಯಿತು. ವರ್ಲ್‌ಪೂಲ್ ಉಳಿದಿದೆ, ಆಗ ಅದರ ಜೊತೆಗಿದ್ದ ಟಿವಿಎಸ್ ಈಗ ಜೊತೆಗಿಲ್ಲ. ಕಂಪನಿಯ ಸರ್ವಿಸ್ ಸೆಂಟರ್ ಅನ್ನುವ ಮಾತನ್ನೇ ಬಿಡಬೇಕಾಯಿತು.

ಬಟ್ಟೆಚೀಲದಲ್ಲಿ ಸುಟ್ಟ ಮೋಟಾರು, ಶಾಫ್ಟು, ಟೈಮರು, ಟಬ್ಬಿನ ತಳದಲ್ಲಿ ಬಟ್ಟೆ ತಿರುಗಿಸುವ, ಅಂಚು ಒಡೆದ ಪಲ್ಸೇಟರ್ ಇಟ್ಟುಕೊಂಡು ಮೊದಲು ಹೋದದ್ದು ಕಡೂರಿನದೇ ಒಂದು ವೈಂಡಿಂಗ್ ಅಂಗಡಿಗೆ. ಕಡೂರು ತೆಂಗಿನ ಸೀಮೆ, ಕೊಳವೆಬಾವಿಗಳ ಸೀಮೆ. ಮಳೆ ಕೈಕೊಟ್ಟಷ್ಟೂ ಬೋರುಗಳು ಆಳಕ್ಕಿಳಿಯುತ್ತವೆ, ಬೋರು ಆಳವಾದಷ್ಟೂ ಮೋಟಾರು ಸುಡುತ್ತವೆ. ಅಂಗಡಿಯ ಮುಂದೆ ಸಾಲಾಗಿ ಮಲಗಿದ್ದ ಉದ್ದನೆಯ ಸಬ್‌ಮರ್ಸಿಬಲ್‌ಗಳ ನಡುವೆ ನನ್ನ ಮೋಟಾರು ಆಟಿಕೆಯಂತೆ ಕಂಡಿತು.

ಅಲ್ಲಿನ ಯಜಮಾನರು ಅದನ್ನು ಬಿಚ್ಚಿ, ಕರಕಲಾದ ಕಾಯಿಲನ್ನು ಉಗುರಿನಿಂದ ಕೆರೆದು ನೋಡಿದರು. "ಇದು ಪಂಪಿನ ಥರ ಅಲ್ಲ ಸಾರ್. ಪಂಪಿನಾಗೆ ರನ್ನಿಂಗ್ ಬೇರೆ, ಸ್ಟಾರ್ಟಿಂಗ್ ಬೇರೆ. ಇದ್ರಾಗೆ ಎರಡೂ ಒಂದೇ ಸುತ್ತು."

ವಿಷಯ ಇರುವುದೇ ಅಲ್ಲಿ. ಒಗೆಯುವ ಮೋಟಾರು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಒಂದೇ ಶಕ್ತಿಯಲ್ಲಿ ತಿರುಗಬೇಕು. ಅದಕ್ಕಾಗಿ ಒಳಗೆ ತದ್ರೂಪಿ ಎರಡು ಕಾಯಿಲ್‌ಗಳಿರುತ್ತವೆ. ಕೆಪಾಸಿಟರ್ ಈಗ ಒಂದರ ಸಾಲಿಗೆ, ಇನ್ನೊಂದು ಗಳಿಗೆಗೆ ಮತ್ತೊಂದರ ಸಾಲಿಗೆ ಬರುವಂತೆ ಟೈಮರು ಅದಲುಬದಲು ಮಾಡುತ್ತದೆ. ಬರೀ ಸಿಂಗಲ್ ಫೇಸ್ ಪಂಪು ಸುತ್ತಿ ಪಳಗಿದ ಕೈ ಇದಕ್ಕೂ ಸ್ಟಾರ್ಟಿಂಗ್ ಕಾಯಿಲನ್ನು ಸಣ್ಣ ತಂತಿಯಲ್ಲಿ ಸುತ್ತಿಬಿಟ್ಟರೆ, ಬಟ್ಟೆ ಒಂದು ಕಡೆಗೆ ಜೋರಾಗಿ ತಿರುಗಿ, ಇನ್ನೊಂದು ಕಡೆಗೆ ತಿಣುಕುತ್ತದೆ. ಯಜಮಾನರು ಹಳೆಯ ತಂತಿಯ ಎಳೆಗಳನ್ನು ಒಂದೊಂದಾಗಿ ಎಣಿಸಿ ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಂಡರು. ಕೆಪಾಸಿಟರ್ ಅವರ ಡ್ರಾಯರಿನಲ್ಲೇ ಇತ್ತು.

ಮೋಟಾರನ್ನು ಅಲ್ಲೇ ಬಿಟ್ಟು ತರೀಕೆರೆ ಬಸ್ಸು ಹತ್ತಿದೆ. ಬೀರೂರು ದಾಟಬೇಕು. ರೈಲು ಹಾದಿ ಕವಲೊಡೆಯುವುದು ಅಲ್ಲಿ: ಒಂದು ತರೀಕೆರೆ, ಭದ್ರಾವತಿ ಹಿಡಿದು ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ. ಬೀರೂರು ಕಳೆದು ಸ್ವಲ್ಪ ಹೊತ್ತಿಗೆ ತೆಂಗಿನ ಜೊತೆ ಅಡಿಕೆ ಬೆರೆಯುತ್ತದೆ, ತರೀಕೆರೆ ಹತ್ತಿರವಾದಂತೆ ಅಡಿಕೆಯದೇ ರಾಜ್ಯ, ದೂರದಲ್ಲಿ ಕೆಮ್ಮಣ್ಣುಗುಂಡಿಯ ಬೆಟ್ಟಸಾಲು.

ಅಡಿಕೆ ಇದ್ದಲ್ಲಿ ಸುಲಿಯುವ ಯಂತ್ರ ಇರುತ್ತದೆ, ಯಂತ್ರ ಇದ್ದಲ್ಲಿ ಬೆಲ್ಟು, ಬೇರಿಂಗು. ತರೀಕೆರೆಯ ಬೇರಿಂಗ್ ಅಂಗಡಿಯ ಹುಡುಗ ನನ್ನ ಮಷಿನ್ ಯಾವ ಕಂಪನಿಯದು ಎಂದು ಕೇಳಲೇ ಇಲ್ಲ. "ನಂಬರ್ ಹೇಳಿ ಅಣ್ಣ" ಅಂದ. 6202 ಅಂದೆ. ಹಿಂದೆ ತಿರುಗಿ ಒಂದು ಪುಟ್ಟ ಡಬ್ಬಿ ಎಸೆದ. ಲೋಕದಲ್ಲಿ ಎಲ್ಲೇ ಕೇಳಿದರೂ 6202ರ ಒಳವ್ಯಾಸ 15 ಮಿಲಿಮೀಟರೇ, 6203ರದ್ದು 17. 6204ರಿಂದ ಮುಂದಕ್ಕೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಸಿಕ್ಕಿಬಿಡುತ್ತದೆ. ಕಂಪನಿಗಳು ಮುಳುಗಲಿ, ಮಾರಾಟವಾಗಲಿ, ಈ ಲೆಕ್ಕ ಮುಳುಗುವುದಿಲ್ಲ. ಆಯಿಲ್ ಸೀಲಿನದೂ ಅದೇ ಕಥೆ. ಒಳ ಅಳತೆ, ಹೊರ ಅಳತೆ, ದಪ್ಪ, ಮೂರು ಸಂಖ್ಯೆ ಗೊತ್ತಿದ್ದರೆ ಬೈಕಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಹುಡುಕಬಹುದು. ನನಗೆ ಸಿಕ್ಕಿದ್ದು ಅಲ್ಲೇ. ಹಳೆಯ ಸೀಲನ್ನು ಹಾಳು ಮಾಡಿದ್ದು ನೀರು. ಬೋರಿನ ಗಡಸು ನೀರಿನ ಸುಣ್ಣ ಶಾಫ್ಟಿನ ಸುತ್ತ ಬಿಳಿಯಾಗಿ ಹರಳುಗಟ್ಟಿ, ತಿರುಗಿದಾಗಲೆಲ್ಲ ಉಪ್ಪುಕಾಗದದಂತೆ ರಬ್ಬರನ್ನು ತಿಂದಿತ್ತು.

ಬೆಲ್ಟು ಮಾತ್ರ ಸತಾಯಿಸಿತು. ಅಡಿಕೆ ಯಂತ್ರದ್ದು ಎ ಸೆಕ್ಷನ್, ಸುಮಾರು 13 ಮಿ.ಮೀ. ಅಗಲ. ನನಗೆ ಬೇಕಾದದ್ದು ಹತ್ತರ ಆಸುಪಾಸಿನ ಎಂ ಸೆಕ್ಷನ್. ದಪ್ಪ ಬೆಲ್ಟನ್ನು ಸಣ್ಣ ಪುಲ್ಲಿಗೆ ಹಾಕಿದರೆ ತೋಡಿನೊಳಗೆ ಕೂರುವುದೇ ಇಲ್ಲ, ಮೇಲೆ ಮೇಲೆ ಜಾರುತ್ತದೆ. ಕೊನೆಗೆ ಒಂದು ಮಿಕ್ಸಿ ರಿಪೇರಿ ಅಂಗಡಿಯಲ್ಲಿ, ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದ ಗೊಂಚಲಿನಲ್ಲಿ ಸಿಕ್ಕಿತು.

ಶಾಫ್ಟಿನ ಬುಷ್ ಕೂಡ ಸವೆದಿತ್ತು. ಲೇತ್‌ನವರು ಗನ್‌ಮೆಟಲ್‌ನಲ್ಲಿ ಕಡೆದುಕೊಡುತ್ತೇನೆ, ಊಟ ಮುಗಿಸಿ ಬನ್ನಿ ಅಂದರು. ಊಟದ ಬದಲು ಅಮೃತಾಪುರಕ್ಕೆ ಹೋಗಿಬಂದೆ. ಎರಡನೇ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ. ಮಂಟಪದ ಕಂಬಗಳನ್ನು ತಿರುಗಿಸಿ ಕಡೆದಿದ್ದಾರೆ, ಕೈಯಾಡಿಸಿದರೆ ಉಂಗುರದಂಥ ಗೆರೆಗಳು ಬೆರಳಿಗೆ ಸಿಗುತ್ತವೆ. ಒಂದಾಳೆತ್ತರದ ಕಲ್ಲನ್ನು ತಿರುಗಿಸಲು ಎಷ್ಟು ಜನ ಬೇಕಾಗಿತ್ತೋ! ವಾಪಸು ಬರುವಷ್ಟರಲ್ಲಿ ಬುಷ್ ತಯಾರಾಗಿತ್ತು.

ಉಳಿದದ್ದು ಪಲ್ಸೇಟರ್ ಮತ್ತು ಟೈಮರು. ಇವೆರಡಕ್ಕೂ ಊರೂರಿಗೆ ಅರ್ಥವಾಗುವ ನಂಬರಿಲ್ಲ. ಪಲ್ಸೇಟರ್ ಕಂಪನಿಯವರ ಅಚ್ಚಿನಲ್ಲಿ ಎರಕಗೊಂಡ ಪ್ಲಾಸ್ಟಿಕ್. ಒಂದರ ನಡುವೆ ಚೌಕ ತೂತು, ಇನ್ನೊಂದಕ್ಕೆ ಹಲ್ಲು, ಹಲ್ಲಿನ ಎಣಿಕೆಯೂ ಬೇರೆ. ಯಾರಿಂದಲೂ ಕಡೆದು ಕೊಡಲಾಗದು. ಹಳೆಯ ಮಷಿನ್‌ಗಳನ್ನು ಕೊಲ್ಲುವುದು ಈ ಪ್ಲಾಸ್ಟಿಕ್, ಕಬ್ಬಿಣವಲ್ಲ.

ಗುಜರಿಯಲ್ಲಾದರೂ ಸಿಕ್ಕೀತೆಂದು ಅಜ್ಜಂಪುರಕ್ಕೆ ಹೊರಟೆ. ಆ ದಾರಿಯಲ್ಲಿ ಅಡಿಕೆ ಹಿಂದೆ ಸರಿದು ಬಯಲು ತೆರೆದುಕೊಳ್ಳುತ್ತದೆ. ಈರುಳ್ಳಿ ಹೊಲಗಳು, ಅಮೃತಮಹಲ್ ದನಗಳ ಕಾವಲುಗಳು. ಹೈದರ್, ಟಿಪ್ಪು ಸೈನ್ಯದ ಬಂಡಿ ಎಳೆದ ಆ ತಳಿಯ ಸಂವರ್ಧನಾ ಕೇಂದ್ರ 1929ರಿಂದ ಇರುವುದು ಇಲ್ಲೇ. ನಾನು ಇಳಿದದ್ದು ಗುಜರಿ ಅಂಗಡಿಯ ಮುಂದೆ.

ಗುಜರಿಯಲ್ಲಿ ಇಡೀ ಮಷಿನ್ ಯಾಕೆ ಸಿಗುವುದಿಲ್ಲ ಎಂದು ಅಲ್ಲಿ ತಿಳಿಯಿತು. ಬಂದ ಕೂಡಲೇ ಮೋಟಾರು ಕಿತ್ತು ತಾಮ್ರಕ್ಕೆ ಹಾಕುತ್ತಾರೆ, ಟೈಮರಿನ ಹಿತ್ತಾಳೆ ಪಟ್ಟಿ ಬೇರೆ, ತಗಡು ಬೇರೆ. ಪ್ಲಾಸ್ಟಿಕ್‌ಗೆ ರೇಟಿಲ್ಲ, ಬಿಸಿಲಿಗೆ ಬಿದ್ದು ಪುಡಿಯಾಗುತ್ತದೆ. ನಾನು ಹುಡುಕಿ ಬಂದದ್ದು ಆ ರೇಟಿಲ್ಲದ ರಾಶಿಯನ್ನೇ. ಮಾಲೀಕರು ಸಹಾಯಕ್ಕೆ ಅಂತ ಒಬ್ಬ ಹುಡುಗನನ್ನೂ ಕೊಟ್ಟರು. ಕೂಲರಿನ ಟ್ಯಾಂಕು, ಮುರಿದ ಕುರ್ಚಿಗಳ ಕೆಳಗೆ, ಬಿಸಿಲು ತಾಗದ ಮೂಲೆಯಲ್ಲಿ ಒಂದು ತಿಳಿನೀಲಿ ಪಲ್ಸೇಟರ್. ಶಾಫ್ಟಿಗೆ ಇಟ್ಟು ನೋಡಿದೆ, ಟಪ್ ಅಂತ ಕೂತಿತು. ಟೈಮರು ಸಿಗಲಿಲ್ಲ. ಹಳೆಯದರ ಪಾಯಿಂಟುಗಳನ್ನು ಎಮರಿ ಕಾಗದದಲ್ಲಿ ಉಜ್ಜಿ ನಡೆಸಬೇಕು, ಸ್ಪ್ರಿಂಗ್ ಇನ್ನೂ ಗಟ್ಟಿಯಾಗಿದೆ.

"ಎಷ್ಟು ಕೊಡಲಿ?"

"ತೂಕಕ್ಕೆ ಹಾಕಿದ್ರೆ ಹತ್ತು ರೂಪಾಯಿನೂ ಆಗಲ್ಲ ಸ್ವಾಮಿ," ಅಂದರು ಮಾಲೀಕರು. ಆಮೇಲೆ ನನ್ನ ಮುಖ ನೋಡಿ, "ಆದ್ರೆ ನಿಮಗೆ ಇದು ಬೇಕೇ ಬೇಕಲ್ಲ. ಇನ್ನೂರು ಕೊಡಿ."

ಚೌಕಾಸಿ ಮಾಡಿ ನೂರೈವತ್ತಕ್ಕೆ ಇಳಿಸಿದೆ. ಚಿಕ್ಕಮ್ಮನ ಪ್ರಕಾರ ಅದೂ ಜಾಸ್ತಿಯೇ.